ಗ್ಯಾರೇಜ್ ಗಾಲ್ಫಿಗೆ ಬಲೆ ಕಟ್ಟಿದ್ದು, ಬಿಚ್ಚಿದ್ದು, ಮತ್ತೆ ಕಟ್ಟಿದ್ದು

ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಇಲ್ಲಿ ನವೆಂಬರ್ ಬಂತು ಅಂದರೆ ಗಾಲ್ಫ್ ಕಿಟ್ ಮೂಲೆ ಸೇರುತ್ತದೆ, ಏಪ್ರಿಲ್‌ವರೆಗೆ ಅದಕ್ಕೆ ಬಿಸಿಲು ಕಾಣುವುದಿಲ್ಲ. ಹೋದ ಚಳಿಗಾಲದಲ್ಲಿ ಗ್ಯಾರೇಜಿನೊಳಗೇ ಒಂದು ಸಿಮ್ಯುಲೇಟರ್ ಮಾಡಿಕೊಳ್ಳೋಣ ಅಂತ ಹೊರಟೆ, ಅಂದರೆ ಪರದೆಗೆ ಬಾಲ್ ಹೊಡೆದರೆ ಅದು ಮೈದಾನದಲ್ಲಿ ಎಲ್ಲಿ ಹೋಗಿ ಬೀಳುತ್ತಿತ್ತು ಅಂತ ಚಿತ್ರದಲ್ಲಿ ತೋರಿಸುವ ವ್ಯವಸ್ಥೆ. ಬಾಲ್ ಹೋದ ವೇಗ, ದಾರಿ ಅಳೆಯುವುದಕ್ಕೆ ಗಾರ್ಮಿನ್ ಆರ್10 ಅನ್ನುವ ಸಣ್ಣ ಯಂತ್ರ, ಒಂದು ಹಳೇ ಲ್ಯಾಪ್‌ಟಾಪ್, ಹತ್ತಿರದಿಂದಲೇ ದೊಡ್ಡ ಚಿತ್ರ ಬೀಳಿಸುವ ಸೆಕೆಂಡ್ ಹ್ಯಾಂಡ್ ಶಾರ್ಟ್ ಥ್ರೋ ಪ್ರೊಜೆಕ್ಟರ್. ಇವೆಲ್ಲ ದುಡ್ಡು ಕೊಟ್ಟರೆ ಮನೆಗೆ ಬರುವ ಸಾಮಾನು, ಹೇಳುವುದಕ್ಕೆ ಏನೂ ಇಲ್ಲ. ನನ್ನ ತಲೆ ತಿಂದಿದ್ದು ಬಾಲ್ ಬಡಿಯುವ ಪರದೆ. ಅದನ್ನು ಮೂರು ಸಲ ಕಟ್ಟಿದೆ.

ರೆಡಿಮೇಡ್ ಇಂಪ್ಯಾಕ್ಟ್ ಸ್ಕ್ರೀನ್ ಸಿಗುತ್ತದೆ, ದಪ್ಪ ಪಾಲಿಯೆಸ್ಟರ್, ಎರಡು ಮೂರು ಪದರ. ಚಿತ್ರ ಚೆನ್ನಾಗಿ ಬರುತ್ತದೆ. ನನಗೆ ಬೇಕಾದ ಅಳತೆಗೆ ರೇಟ್ ಕೇಳಿ ಸುಮ್ಮನಾದೆ. ಬದಲಿಗೆ ತಂದಿದ್ದು ಬಿಲ್ಲುಗಾರರ ಬಲೆ. ಬಿಲ್ಲುವಿದ್ಯೆ ಕಲಿಯುವ ಕಡೆ ಗುರಿ ತಪ್ಪಿದ ಬಾಣ ತಡೆಯಲು ಹಿಂದೆ ಇಳಿಬಿಡುತ್ತಾರಲ್ಲ, ಅದೇ. ಬಿಳಿ ಬಣ್ಣ, ದಟ್ಟ ಹೆಣಿಗೆ, ದೂರದಿಂದ ನೋಡಿದರೆ ಸೊಳ್ಳೆ ಪರದೆಯ ಅಣ್ಣನ ಹಾಗೆ. ಬಾಣ ತಡೆಯುವ ಬಲೆ ಬಾಲ್ ತಡೆಯದೇ ಇರುತ್ತದಾ ಅಂತ ನನ್ನ ಲೆಕ್ಕ. ತಡೆಯಿತು, ಸುಳ್ಳು ಹೇಳುವುದಿಲ್ಲ. ತಡೆದ ಮೇಲೆ ಏನಾಗುತ್ತದೆ ಅನ್ನುವುದೇ ಕಥೆ.

ಮೊದಲು ಜಾಗದ ಮಾತು. ಗ್ಯಾರೇಜ್ 20 ಅಡಿಗೆ 20 ಅಡಿ, ಚಾವಣಿ 9 ಅಡಿ. ಕೇಳಲು ದೊಡ್ಡದು, ಆದರೆ ನಡು ಮಧ್ಯದಲ್ಲಿ ಬಾಗಿಲು ಎತ್ತುವ ಮೋಟರ್ ನೇತಾಡುತ್ತಿದೆ, ಸರಿಯಾಗಿ ನಾನು ಡ್ರೈವರ್, ಅಂದರೆ ಅತಿ ದೂರ ಹೊಡೆಯುವ ಉದ್ದನೆಯ ಕ್ಲಬ್, ಎತ್ತಬೇಕಾದ ಕಡೆಯೇ. ಹಾಗಾಗಿ ಬಲಗಡೆಯ ಅರ್ಧ ನನಗೆ, ಎಡಗಡೆಯ ಅರ್ಧ ಕಾರಿಗೆ. ನನ್ನ ಎತ್ತರ 5 ಅಡಿ 8 ಇಂಚು. ಡ್ರೈವರ್ ತಲೆಗೆ ಸೀಮೆಸುಣ್ಣ ಬಳಿದು, ನಿಧಾನಕ್ಕೆ ಹತ್ತು ಹದಿನೈದು ಸಲ ಬೀಸಿ, ಚಾವಣಿಯಲ್ಲಿ ಗುರುತು ಬೀಳುತ್ತದಾ ಅಂತ ನೋಡಿದೆ. ಬೀಳಲಿಲ್ಲ. ಈ ಕೆಲಸ ಮಾಡದೆ ಒಂದು ಮೊಳೆಯನ್ನೂ ಹೊಡೆಯಬೇಡಿ.

ಉದ್ದದ ಲೆಕ್ಕ ಇನ್ನೂ ಮುಖ್ಯ. ಆರ್10 ರೇಡಾರ್ ಮೇಲೆ ನಡೆಯುತ್ತದೆ. ಅದು ಬಾಲ್‌ನಿಂದ 6ರಿಂದ 8 ಅಡಿ ಹಿಂದೆ ಕೂರಬೇಕು, ಬಾಲ್‌ಗೆ ಬಲೆಯವರೆಗೆ ಕನಿಷ್ಠ 8 ಅಡಿ ಹಾರಲು ಜಾಗ ಬೇಕು. ಅಷ್ಟು ಹಾರಿದ್ದನ್ನು ನೋಡಿಯೇ ಉಳಿದ ಇನ್ನೂರು ಗಜವನ್ನು ಅದು ಊಹೆ ಮಾಡುವುದು. ನನ್ನ ಈಗಿನ ಲೆಕ್ಕ ಹೀಗಿದೆ: ಗೋಡೆಯಿಂದ ಬಿಳಿ ಬಲೆಗೆ 2 ಅಡಿ, ಅಲ್ಲಿಂದ ಬಾಲ್‌ಗೆ 9, ಬಾಲ್‌ನಿಂದ ರೇಡಾರ್‌ಗೆ 7. ಒಟ್ಟು 18. ಉಳಿದ ಎರಡು ಅಡಿಯಲ್ಲಿ ಆಗ ಇಟ್ಟಿದ್ದು ಅಕ್ಕಿ ಚೀಲ, ಹಿಮ ತೆಗೆಯುವ ಸಲಿಕೆ, ಮಗಳ ಸೈಕಲ್.

ಚೌಕಟ್ಟಿಗೆ 1 ಇಂಚಿನ ಇಎಂಟಿ ಪೈಪ್. ಕರೆಂಟ್ ವೈರ್ ಎಳೆಯಲು ಗೋಡೆ ಮೇಲೆ ಹಾಕುತ್ತಾರಲ್ಲ, ಆ ತೆಳು ಕಬ್ಬಿಣದ ಪೈಪ್. ಹೋಮ್ ಡಿಪೋದಲ್ಲಿ 10 ಅಡಿ ಉದ್ದದ್ದು ಸಿಗುತ್ತದೆ. ಅಗಲ 10 ಅಡಿ, ಎತ್ತರ ಎಂಟೂವರೆ, ಮುಂದಕ್ಕೆ 4 ಅಡಿ ಚಾಚಿಕೊಂಡಿರುವ ಪೆಟ್ಟಿಗೆಯಂಥದ್ದು. ಒಂಬತ್ತು ಪೈಪ್ ಸಾಕು. ಮೂಲೆಗಳಿಗೆ ಮೂರು ದಾರಿಯ ಜಾಯಿಂಟ್ ಆರು, ಮುಂದಿನ ಕೆಳಮೂಲೆಗೆ ಎಲ್ ಆಕಾರದ ಎಲ್ಬೋ ಎರಡು. ಮುಂದೆ ನೆಲದ ಮೇಲೆ ಅಡ್ಡ ಪೈಪ್ ಹಾಕಬೇಡಿ. ಮೇಲೇಳದೆ ನೆಲಕ್ಕಂಟಿ ಹೋಗುವ ಬಾಲ್ ಸೀದಾ ಹೋಗಿ ಅದಕ್ಕೇ ತಗುಲುತ್ತದೆ.

ಇಲ್ಲಿ ನನ್ನ ಮೊದಲ ದಡ್ಡತನ. ಪೈಪ್ ಮೇಲೆ 1 ಇಂಚು ಅಂತ ಬರೆದಿದೆ, ಜಾಯಿಂಟ್ ಮೇಲೂ 1 ಇಂಚು ಅಂತ ಬರೆದಿದೆ, ಆದರೆ ಒಂದು ಇನ್ನೊಂದರ ಒಳಗೆ ಹೋಗುತ್ತಿಲ್ಲ. ಇಎಂಟಿಯಲ್ಲಿ 1 ಇಂಚು ಅನ್ನುವುದು ಬರೀ ಹೆಸರು, ಹೊರಗಿನ ಅಳತೆ 1.163 ಇಂಚು. ಜಾಯಿಂಟ್ ಕೊಳ್ಳುವಾಗ ಅದು ಇಎಂಟಿಗೇ ಮಾಡಿದ್ದಾ ಅಂತ ನೋಡಬೇಕು. ವಾಪಸ್ ಕೊಟ್ಟು, ಬೇರೆ ತರಿಸಿ, ಒಂದು ವಾರ ಹೋಯಿತು. ಹ್ಯಾಕ್ಸಾದಲ್ಲಿ ಕೊಯ್ದ ಮೇಲೆ ಬಾಯಿಯ ಅಂಚನ್ನು ಅರದಿಂದ ಉಜ್ಜಿ. ಇಲ್ಲದಿದ್ದರೆ ಬಲೆಯೂ ಹರಿಯುತ್ತದೆ, ಕೈಯೂ ಹರಿಯುತ್ತದೆ. ನನ್ನದು ಎರಡೂ ಆಯಿತು.

ಮೊದಲ ಸಲ ಕಟ್ಟಿದಾಗ ನನ್ನ ತಲೆಯಲ್ಲಿ ಇದ್ದದ್ದು ಸಿನಿಮಾ ಪರದೆ. ಒಂದು ಸುಕ್ಕೂ ಇರಬಾರದು. ನಾಲ್ಕೂ ಕಡೆ ಅಡಿಗೊಂದು ಬಂಜಿ, ಅಂದರೆ ರಬ್ಬರಿನ ಹಾಗೆ ಎಳೆಯುವ ದಾರ, ಹಾಕಿ, ಮೃದಂಗದ ಚರ್ಮದ ಹಾಗೆ ಎಳೆದು ಕಟ್ಟಿದೆ. ಬೆರಳಲ್ಲಿ ತಟ್ಟಿದರೆ ಶಬ್ದ ಬರುತ್ತಿತ್ತು. ಪ್ರೊಜೆಕ್ಟರ್ ಹಾಕಿದರೆ ಹುಲ್ಲುಗಾವಲು, ಮರ, ಬಾವುಟ ಎಲ್ಲ ಗೆರೆ ಎಳೆದಂತೆ ಸ್ಪಷ್ಟ. ಹೆಂಡತಿಯನ್ನೂ ಮಗಳನ್ನೂ ಕರೆದು ತೋರಿಸಿದೆ. ಆಮೇಲೆ ವೆಜ್‌ನಲ್ಲಿ (ಬಾಲನ್ನು ಹತ್ತಿರಕ್ಕೆ, ಎತ್ತರಕ್ಕೆ ಎಬ್ಬಿಸುವ ಕ್ಲಬ್) ಒಂದು ಮೆಲ್ಲಗೆ ಹೊಡೆದೆ. ಬಾಲ್ ಹೋಗಿ, ಬಡಿದು, ಉರುಳುತ್ತಾ ನನ್ನ ಕಾಲ ಬಳಿ ಬಂತು. ಅರೆ, ಬಗ್ಗುವ ಕೆಲಸವೂ ತಪ್ಪಿತು ಅಂದುಕೊಂಡೆ. ಏಳನೇ ನಂಬರ್ ಕ್ಲಬ್ಬಿನಲ್ಲಿ ಹೊಡೆದಾಗ ಅದು ನನ್ನನ್ನು ದಾಟಿ ಬಾಗಿಲವರೆಗೆ ಹೋಯಿತು. ಡ್ರೈವರ್‌ನಲ್ಲಿ ಹೊಡೆದಾಗ ಮೊಣಕಾಲಿನ ಕೆಳಗೆ, ಸೀದಾ ಮೂಳೆಗೆ. ಹತ್ತು ದಿನ ಜಂಬು ನೇರಳೆ ಬಣ್ಣ.

ಬಣ್ಣ ಇಳಿಯುವ ಹೊತ್ತಿಗೆ ಕೂತು ಲೆಕ್ಕ ಹಾಕಿದೆ. ಗಾಲ್ಫ್ ಬಾಲ್ ತೂಕ ನಿಯಮದ ಪ್ರಕಾರ ಹೆಚ್ಚೆಂದರೆ 45.93 ಗ್ರಾಂ. ನನ್ನ ಡ್ರೈವರ್ ಹೊಡೆತದಲ್ಲಿ ಬಾಲ್ ಗಂಟೆಗೆ ಸುಮಾರು 130 ಮೈಲಿ ಹೋಗುತ್ತದೆ ಅಂತ ಆರ್10 ತೋರಿಸುತ್ತದೆ, ಅಂದರೆ 209 ಕಿಲೋಮೀಟರ್. ಅದರೊಳಗಿನ ಶಕ್ತಿ ಸುಮಾರು 78 ಜೂಲ್. ವೇಗದ ಬೌಲರ್ 140 ಕಿಲೋಮೀಟರ್ ವೇಗದಲ್ಲಿ ಎಸೆದ ಕ್ರಿಕೆಟ್ ಬಾಲ್‌ನಲ್ಲಿ ಇದಕ್ಕಿಂತ ಜಾಸ್ತಿ ಇರುತ್ತದೆ, 120ರ ಹತ್ತಿರ. ಆದರೆ ಗಾಲ್ಫ್ ಬಾಲ್ ಸಣ್ಣದು, ಗಟ್ಟಿ, ಅಷ್ಟೂ ಏಟು ಒಂದೇ ಚುಕ್ಕೆಯಲ್ಲಿ ಬೀಳುತ್ತದೆ. ಈ 78 ಜೂಲ್ ಎಲ್ಲಿಗೋ ಹೋಗಬೇಕಲ್ಲ? ಬಿಗಿ ಬಲೆ ಅದನ್ನು 5 ಸೆಂಟಿಮೀಟರ್‌ನಲ್ಲಿ ನಿಲ್ಲಿಸಿದರೆ ಬಲೆಯ ಮೇಲೆ ಸರಾಸರಿ 160 ಕೆಜಿ ಹೇರಿದಷ್ಟು ಒತ್ತಡ. ಅದೇ 50 ಸೆಂಟಿಮೀಟರ್ ಹೋಗಲು ಬಿಟ್ಟು ನಿಲ್ಲಿಸಿದರೆ 16 ಕೆಜಿ, ನಮ್ಮ ಎರಡು ಅಕ್ಕಿ ಚೀಲದಷ್ಟೂ ಇಲ್ಲ. ಮತ್ತೆ ಬಿಗಿ ಬಲೆ ಸ್ಪ್ರಿಂಗ್ ಇದ್ದ ಹಾಗೆ, ತೆಗೆದುಕೊಂಡಿದ್ದರಲ್ಲಿ ದೊಡ್ಡ ಪಾಲು ವಾಪಸ್ ಕೊಡುತ್ತದೆ. ನನ್ನ ಕಾಲಿಗೆ ಕೊಟ್ಟ ಹಾಗೆ.

ಈ ಲೆಕ್ಕ ನಾನು ಹಾಕಿ ಮುಗಿಸುವ ಮೊದಲೇ ಲೆಕ್ಕವಿಲ್ಲದೆ ಹೇಳಿದವರು ದೊಡ್ಡಪ್ಪ. ನಮ್ಮ ಊರು ಮಲ್ಪೆ. ದೊಡ್ಡಪ್ಪ ಬಂದರಿನಲ್ಲಿ ಬಲೆ ರಿಪೇರಿ ಮಾಡಿಕೊಂಡೇ ಅರ್ಧ ಆಯುಷ್ಯ ಕಳೆದವರು. ಭಾನುವಾರ ವಿಡಿಯೋ ಕಾಲ್‌ನಲ್ಲಿ ಸುಮ್ನೆ ತೋರಿಸೋಣ ಅಂತ ಫೋನನ್ನು ಪರದೆಯ ಕಡೆ ಹಿಡಿದೆ.

"ಎಂತ ಮಾರಾಯ ಇದು? ಬಲೆಯಾ ಚಾಪೆಯಾ?"

"ಬಲೆಯೇ ದೊಡ್ಡಪ್ಪ. ಬಾಲ್ ತಡೀಲಿಕ್ಕೆ."

"ಹೀಗೆ ಎಳ್ದು ಕಟ್ಟಿದ್ರೆ ಮೀನು ಬಂದು ಮೂತಿ ತಾಗಿಸಿ ವಾಪಸ್ ಹೋಗ್ತದೆ. ಬಲೆಗೆ ಜೋಲು ಬೇಕು. ಹಗ್ಗ ಒಂದು ಮಾರು ಇದ್ರೆ ಬಲೆ ಎರಡು ಮಾರು ಕಟ್ಟುದು ನಾವು."

ನಾನು ಕೇಳಿಸಿಕೊಂಡಿದ್ದು ಜೋಲು ಅನ್ನುವ ಮಾತು ಮಾತ್ರ. ಹಗ್ಗ, ಮಾರು ಅನ್ನುವುದನ್ನು ಬಿಟ್ಟೆ. ಅದಕ್ಕೇ ಎರಡನೇ ಸಲ ಕೆಟ್ಟಿತು.

ಎರಡನೇ ಸಲ ಮಾಡಿದ್ದು ಇಷ್ಟೇ: ಮೇಲಿನ ಬಂಜಿ ಉಳಿಸಿ, ಪಕ್ಕದ್ದೂ ಕೆಳಗಿನದ್ದೂ ಬಿಚ್ಚಿಹಾಕಿದೆ. ಬಲೆ ಒಣಗಲು ಹಾಕಿದ ಪಂಚೆಯ ಹಾಗೆ ನೇತಾಡಿತು. ಬಾಲ್ ವಾಪಸ್ ಬರುವುದು ನಿಂತೇಹೋಯಿತು, ಬಡಿದು ಅಲ್ಲೇ ಜಾರಿ ಕೆಳಗೆ ಬೀಳುತ್ತಿತ್ತು. ಆದರೆ ಬಲೆ ಗೋಡೆಯಿಂದ ಒಂದೇ ಅಡಿ ದೂರದಲ್ಲಿತ್ತು. ಮೂರನೇ ಡ್ರೈವರ್ ಹೊಡೆತಕ್ಕೆ ಧಡ್ ಅಂತ ಸದ್ದು. ಬಲೆಯನ್ನು ಹೊತ್ತುಕೊಂಡೇ ಹೋಗಿ ಗೋಡೆಗೆ ಬಡಿದಿತ್ತು. ಇಲ್ಲಿನ ಮನೆ ಗೋಡೆ ಅಂದರೆ ಜಿಪ್ಸಮ್ ಹಲಗೆ ತಾನೇ, ಇಟ್ಟಿಗೆಯಲ್ಲ, ಬಟ್ಟಲಿನಷ್ಟು ಗುಳಿ ಬಿತ್ತು. ಜೊತೆಗೆ ಒಂದೊಂದು ಹೊಡೆತಕ್ಕೂ ಚಿತ್ರ ಅರ್ಧ ನಿಮಿಷ ತೂಗಾಡುತ್ತಿತ್ತು. ಬಾವುಟ ಎಲ್ಲಿದೆ ಅಂತ ನೋಡಲು ಸಮುದ್ರದ ಅಲೆ ಎಣಿಸಿದ ಹಾಗೆ ಕಾಯಬೇಕು.

ಆಗ ದೊಡ್ಡಪ್ಪನಿಗೆ ಮತ್ತೆ ಫೋನ್ ಮಾಡಿ ಪೂರ್ತಿ ಕೇಳಿಸಿಕೊಂಡೆ. ಮೀನಿನ ಬಲೆಯಲ್ಲಿ ಜೋಲು ಬರುವುದು ಬಿಚ್ಚಿಬಿಡುವುದರಿಂದ ಅಲ್ಲ, ಕಟ್ಟುವ ರೀತಿಯಿಂದ. ಹಗ್ಗ ಗಿಡ್ಡ, ಬಲೆ ಉದ್ದ. ಆ ಉದ್ದದ ಬಲೆಯನ್ನು ಗಿಡ್ಡ ಹಗ್ಗದ ಮೇಲೆ ಸಮನಾಗಿ ಹಂಚಿ ಕಟ್ಟುತ್ತಾರೆ. ಆಗ ಒಂದೊಂದು ಕಣ್ಣೂ ಕಾಜು ಬರ್ಫಿಯ ಆಕಾರದಲ್ಲಿ ತೆರೆದುಕೊಂಡು ನಿಲ್ಲುತ್ತದೆ, ಪೂರ್ತಿ ಮುಚ್ಚಿರುವುದೂ ಇಲ್ಲ, ಪೂರ್ತಿ ಎಳೆದುಕೊಂಡಿರುವುದೂ ಇಲ್ಲ. ಏನಾದರೂ ಬಂದು ತಾಗಿದರೆ ಸುತ್ತಲಿನ ಕಣ್ಣುಗಳೆಲ್ಲ ಸ್ವಲ್ಪ ಸ್ವಲ್ಪ ಬಿಟ್ಟುಕೊಡುತ್ತವೆ. ಬಲೆ ಜೋಲು ಬೀಳದೆಯೂ ಜೋಲು ಇರುತ್ತದೆ. ನಾನು ಎಂಜಿನಿಯರಿಂಗ್ ಓದಿದವನು, ಇದನ್ನು ಎಂಬತ್ತರ ಹತ್ತಿರದ ದೊಡ್ಡಪ್ಪ ಕೈಯಲ್ಲಿ ಟವೆಲ್ ಹಿಡಿದು ಮಡಿಸಿ ತೋರಿಸಬೇಕಾಯಿತು.

ಆದರೆ ಹೀಗೆ ನೆರಿಗೆ ಹಿಡಿದ ಬಲೆಯ ಮೇಲೆ ಚಿತ್ರ ಬೀಳಿಸಿದರೆ ಹುಲ್ಲುಗಾವಲೆಲ್ಲ ಗದ್ದೆಯ ಬದು ಆಗುತ್ತದೆ. ಹಾಗಾಗಿ ಕೆಲಸವನ್ನು ಇಬ್ಬರಿಗೆ ಹಂಚಿದೆ. ಚಿತ್ರಕ್ಕೆ ಮುಂದೆ ಬಿಳಿ ಬಲೆ, ಏಟಿಗೆ ಹಿಂದೆ ಕಪ್ಪು ಬಲೆ. ಮೂರನೇ ಸಲ ಕಟ್ಟಿದ್ದು ಹೀಗೆ, ಈಗ ಇರುವುದೂ ಇದೇ.

ಕಪ್ಪು ಬಲೆ ನೈಲಾನ್ ದಾರದ್ದು, ಗಂಟು ಹಾಕಿ ಹೆಣೆದದ್ದು, ಕಣ್ಣು 1 ಇಂಚಿಗಿಂತ ಸ್ವಲ್ಪ ಕಡಿಮೆ. ಗಾಲ್ಫ್ ಬಾಲ್ ಅಡ್ಡಳತೆ ಕನಿಷ್ಠ 42.67 ಮಿಲಿಮೀಟರ್, ಅಂದರೆ 1.68 ಇಂಚು, ಹಾಗಾಗಿ ಇಂಚಿನ ಕಣ್ಣಿನಲ್ಲಿ ತೂರುವುದಿಲ್ಲ. ಎರಡು ಇಂಚಿನ ಕಣ್ಣಿನ ಬಲೆಯನ್ನು ಕ್ರಿಕೆಟ್ಟಿಗೆ ಹಾಕುತ್ತಾರೆ, ಅಗ್ಗ ಅಂತ ಅದನ್ನು ತಂದು ಮೋಸಹೋಗಬೇಡಿ. 15 ಅಡಿ ಅಗಲದ ಬಲೆಯನ್ನು ಹಿಂದಿನ 10 ಅಡಿ ಪೈಪಿಗೆ ಕಟ್ಟಿದೆ. ಪೈಪ್ ಮೇಲೆ ಎಂಟು ಇಂಚಿಗೊಂದು ಗುರುತು, ಬಲೆ ಮೇಲೆ ಹನ್ನೆರಡು ಇಂಚಿಗೊಂದು ಗುರುತು, ಗುರುತಿಗೆ ಗುರುತು ಸೇರಿಸಿ ಜಿಪ್ ಟೈ. ದೊಡ್ಡಪ್ಪನ ಲೆಕ್ಕದಷ್ಟು ಜೋಲು ಇಲ್ಲ, ಒಂದಕ್ಕೆ ಒಂದೂವರೆ. ಇಲ್ಲಿ ಮೀನು ಸಿಕ್ಕಿಕೊಳ್ಳಬೇಕಾಗಿಲ್ಲ, ನಿಂತರೆ ಸಾಕು.

ಬಿಳಿ ಬಲೆಗೆ ಹತ್ತನೇ ಪೈಪ್ ಬೇಕಾಯಿತು. ಕಪ್ಪು ಬಲೆಯಿಂದ ಒಂದು ಅಡಿ ಮುಂದೆ, ಎರಡು ಟೀ ಜಾಯಿಂಟ್ ಹಾಕಿ ಅಡ್ಡ ಕೂರಿಸಿದೆ. ಮೇಲೆ ಬಂಜಿ ಅಡಿಗೊಂದು. ಪಕ್ಕಕ್ಕೆ ಮೂರು ಮೂರು ಮಾತ್ರ, ಅದೂ ಉದ್ದದ ಬಂಜಿ, ಸುಕ್ಕು ಹೋಗುವಷ್ಟು ಎಳೆತ. ಕೆಳಗೆ ಏನೂ ಇಲ್ಲ. ಬಲೆ 10 ಅಡಿ ಎತ್ತರದ್ದು, ಚೌಕಟ್ಟು ಎಂಟೂವರೆ, ಉಳಿದ ಒಂದೂವರೆ ಅಡಿಯನ್ನು ನನ್ನ ಕಡೆಗೆ ನೆಲದ ಮೇಲೆ ನೆರಿಗೆಯಾಗಿ ಬಿಟ್ಟಿದ್ದೇನೆ. ಬಾಲ್ ಬಡಿದು ಜಾರಿ ಬಂದು ಆ ನೆರಿಗೆಯಲ್ಲಿ ಮಲಗುತ್ತದೆ, ಕೆಳಗೆ ನುಸುಳಿ ಗೋಡೆಗೆ ಹೋಗುವುದಿಲ್ಲ.

ಒಂದು ಲಾಭ ಎಣಿಸದೆ ಬಂತು. ಬಿಳಿ ಬಲೆಯಲ್ಲಿ ಬೆಳಕು ತೂರಿ ಹಿಂದಿನ ಗೋಡೆಯ ಮೇಲೆ ಇನ್ನೊಂದು ಮಸುಕು ಚಿತ್ರ ಬೀಳುತ್ತಿತ್ತು, ಎರಡೂ ಸೇರಿ ಕಣ್ಣು ಕಲಸಿದ ಹಾಗೆ. ಹಿಂದೆ ಕಪ್ಪು ಬಲೆ ಬಂದ ಮೇಲೆ ಅದು ಅರ್ಧ ಕಡಿಮೆಯಾಯಿತು. ಗೋಡೆಗೆ ಹಳೇ ಕಪ್ಪು ಬೆಡ್‌ಶೀಟ್ ಹೊಡೆದ ಮೇಲೆ ಪೂರ್ತಿ ಹೋಯಿತು. ಗುಳಿಯೂ ಮುಚ್ಚಿತು, ಆ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ.

ಕಪ್ಪು ಬಲೆಯನ್ನು ಅಳತೆಗೆ ಕತ್ತರಿಸುವಾಗ ಒಂದು ಎಳೆ ತಪ್ಪಿ ಕತ್ತರಿಸಿ, ನಡುವೆ ಬಾಲ್ ತೂರುವಷ್ಟು ತೂತಾಯಿತು. ಜಿಪ್ ಟೈ ಹಾಕಿ ಬಿಗಿದರಾಯಿತು ಅಂದುಕೊಂಡಿದ್ದೆ, ದೊಡ್ಡಪ್ಪ ಬಿಡಲಿಲ್ಲ, ಬಲೆಗೆ ಗಂಟೇ ಹಾಕಬೇಕು ಅಂದರು. ಗಾರೆ ಕೆಲಸದವರು ಮಟ್ಟ ನೋಡಲು ಕಟ್ಟುವ ನೈಲಾನ್ ದಾರ ತಂದು, ಐಸ್‌ಕ್ರೀಮ್ ಕಡ್ಡಿಗೆ ಸುತ್ತಿಕೊಂಡು, ಫೋನನ್ನು ಪೇಂಟ್ ಡಬ್ಬದ ಮೇಲೆ ನಿಲ್ಲಿಸಿ ಕೂತೆ. ಮೇಲಿನ ಕಣ್ಣಿನೊಳಗಿಂದ ದಾರ ಎತ್ತಿ ತರಬೇಕು. ಬೇಕಾದ ಉದ್ದಕ್ಕೆ ಎಳೆದು, ಆ ಜಾಗವನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯಬೇಕು. ದಾರವನ್ನು ಎಡಕ್ಕೆ ಎಸೆದು ಒಂದು ಸುತ್ತು ಬಿಡಬೇಕು. ಕಡ್ಡಿಯನ್ನು ಕಣ್ಣಿನ ಎರಡೂ ಎಳೆಗಳ ಹಿಂದಿನಿಂದ ಬಲದಿಂದ ಎಡಕ್ಕೆ ದಾಟಿಸಿ, ಎಸೆದ ಸುತ್ತಿನೊಳಗಿಂದ ಹೊರಗೆ ತೆಗೆದು ಎಳೆಯಬೇಕು. ಹೆಬ್ಬೆರಳನ್ನು ಒಂದು ಕ್ಷಣ ಬೇಗ ತೆಗೆದರೂ ಗಂಟು ಕೆಳಗೆ ಜಾರಿ, ನೋಡಲು ಗಂಟಿನ ಹಾಗೇ ಇರುತ್ತದೆ, ಎಳೆದರೆ ಓಡುತ್ತದೆ. ಒಂಬತ್ತು ಗಂಟಿಗೆ ನನಗೆ ಒಂದೂ ಮುಕ್ಕಾಲು ಗಂಟೆ. ಅಷ್ಟರಲ್ಲಿ ದೊಡ್ಡಪ್ಪ ಊಟ ಮುಗಿಸಿ ಬಂದು, "ಇಷ್ಟು ನಿಧಾನ ಆದ್ರೆ ಬೋಟು ನಿನ್ನನ್ನು ಬಿಟ್ಟೇ ಹೋಗ್ತದೆ" ಅಂದರು. ಕೊನೆಗೆ ದಾರದ ತುದಿಗೆ ಲೈಟರ್ ತಾಗಿಸಿ ಕರಗಿಸಿದೆ.

ಬಲೆ ಕೆಲಸ ಮುಗಿಯಿತು ಅನ್ನುವ ಖುಷಿಯಲ್ಲಿ ಒಂದು ಶುಕ್ರವಾರ ರಾತ್ರಿ ವೆಜ್ ಅಭ್ಯಾಸಕ್ಕೆ ನಿಂತೆ. ಗ್ಯಾರೇಜ್‌ನಲ್ಲಿ ಚಳಿ, ಬೆರಳು ಮರಗಟ್ಟಿತ್ತು. ಒಂದು ಹೊಡೆತ ಶ್ಯಾಂಕ್ ಆಯಿತು, ಅಂದರೆ ಕ್ಲಬ್ಬಿನ ಮುಖದ ಬದಲು ಅದರ ಕತ್ತಿಗೆ ತಗುಲಿ ಬಾಲ್ ಬಲಕ್ಕೆ ಚಿಮ್ಮಿತು. ಟಣ್ ಅಂತ ಮುಂದಿನ ಬಲಗಡೆಯ ಕಂಬಕ್ಕೆ. ಆಮೇಲೆ ನನ್ನ ಕಿವಿ ಪಕ್ಕ ಗಾಳಿ. ಆಮೇಲೆ ಹಿಂದೆ ಫುಸ್ ಅಂತ ಮೆತ್ತನೆ ಸದ್ದು. ತಿರುಗಿ ನೋಡಿದರೆ ಸೋನಾ ಮಸೂರಿಯ 20 ಪೌಂಡ್ ಚೀಲಕ್ಕೆ ಒಂದು ಬಾಯಿ ಬಂದಿದೆ, ಅದರಿಂದ ಅಕ್ಕಿ ಸಣ್ಣ ಧಾರೆಯಾಗಿ ಸುರಿಯುತ್ತಿದೆ, ಬಾಲ್ ಒಳಗಿದೆ. ಹೆಂಡತಿ ಬಂದು ನೋಡಿದಳು. ಬಯ್ಯಲಿಲ್ಲ. "ಆ ಅಕ್ಕಿ ಕೇರಿ ಡಬ್ಬಿಗೆ ತುಂಬಿ, ಆಮೇಲೆ ಎಷ್ಟು ಬೇಕಾದ್ರೂ ಹೊಡೀರಿ" ಅಂದಳು, ಅಷ್ಟೇ. ಗ್ಯಾರೇಜಿನ ನೆಲದ ಅಕ್ಕಿ ಕೇರಿದವರಿಗೇ ಗೊತ್ತು ಅದರ ಕಷ್ಟ.

ಕಂಬಕ್ಕೆ ನಾನು ಫೋಮ್ ಹಾಕಿರಲಿಲ್ಲ ಅಂತಲ್ಲ. ಎಲ್ಲರೂ ಈಜುಕೊಳದಲ್ಲಿ ಮಕ್ಕಳು ಹಿಡಿದುಕೊಂಡು ತೇಲುವ ಆ ದಪ್ಪ ಫೋಮ್ ಕೋಲನ್ನು ಸೀಳಿ ಹಾಕುತ್ತಾರೆ. ಜನವರಿ ತಿಂಗಳ ಮಿಷಿಗನ್‌ನಲ್ಲಿ ಅದನ್ನು ಯಾವ ಅಂಗಡಿಯಲ್ಲಿ ಕೇಳುತ್ತೀರಿ? ನೀರಿನ ಪೈಪ್ ಹೆಪ್ಪುಗಟ್ಟದಂತೆ ಸುತ್ತುವ ಕಪ್ಪು ಫೋಮ್ ಹಾಕಿದ್ದೆ. ಅದು ಅರ್ಧ ಇಂಚು ದಪ್ಪ, ಬಾಲ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಇಲ್ಲಿ ಒಂದು ಮಾತು, ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ನಾನು ಹೆದರಿದ್ದು ತಲೆ ಮೇಲಿನ ಪೈಪಿಗೆ. ನಿಜ ನೋಡಿದರೆ ವೆಜ್‌ನಲ್ಲಿ ಹೊಡೆದ ಬಾಲ್ 30 ಡಿಗ್ರಿಯಲ್ಲಿ ಎದ್ದರೂ 9 ಅಡಿ ದೂರದ ಬಲೆ ಮುಟ್ಟುವಾಗ ಐದು ಅಡಿಗಿಂತ ಸ್ವಲ್ಪ ಮೇಲಿರುತ್ತದೆ, ಅಷ್ಟೇ. ಮೇಲಿನ ಪೈಪಿನ ಹತ್ತಿರಕ್ಕೂ ಬರುವುದಿಲ್ಲ. ಅಪಾಯ ಇರುವುದು ಪಕ್ಕದಲ್ಲಿ. ಬಲಗೈ ಆಟಗಾರನಿಗೆ ಬಲಗಡೆಯ ಮುಂದಿನ ಕಂಬ. ನನ್ನ ಬಾಲ್‌ನಿಂದ ಅದು 6 ಅಡಿ ಮುಂದೆ, 5 ಅಡಿ ಪಕ್ಕ, ಶ್ಯಾಂಕ್ ಆದ ಬಾಲ್ ಹೋಗಲು ಇಷ್ಟಪಡುವ ದಾರಿ ಸರಿಯಾಗಿ ಅದೇ.

ಪರಿಹಾರ ಮತ್ತೆ ಬಲೆಯೇ. ಉಳಿದ ಕಪ್ಪು ಬಲೆಯ ತುಂಡನ್ನು ಚಾವಣಿಯ ಮರದ ತೊಲೆಗೆ ಕೊಕ್ಕೆ ಹಾಕಿ, ಕಂಬಕ್ಕಿಂತ ಒಂದು ಅಡಿ ಮುಂದೆ, ಕಂಬಕ್ಕೆ ಎಲ್ಲೂ ತಾಗದ ಹಾಗೆ ಪರದೆಯಾಗಿ ಇಳಿಬಿಟ್ಟೆ. ಇದಕ್ಕೂ ಒಂದಕ್ಕೆ ಒಂದೂವರೆಯ ನೆರಿಗೆ. ಬಾಲ್ ಮೊದಲು ಬಲೆಗೆ ಸಿಗುತ್ತದೆ, ಕಂಬ ಮುಟ್ಟಿದರೂ ಸುಸ್ತಾಗಿ ಮುಟ್ಟುತ್ತದೆ. ಆಮೇಲೆ ಆದ ಶ್ಯಾಂಕ್‌ಗಳೆಲ್ಲ ಅಲ್ಲೇ ಬಿದ್ದಿವೆ. ಎಷ್ಟು ಅಂತ ಕೇಳಬೇಡಿ.

ಖರ್ಚು, ಪ್ರೊಜೆಕ್ಟರ್, ರೇಡಾರ್ ಬಿಟ್ಟು, 430 ಡಾಲರ್ ಹತ್ತಿರ ಬಂತು. ಅದರಲ್ಲಿ ದೊಡ್ಡ ಪಾಲು ಪೈಪಿನದ್ದು. ತಪ್ಪು ಜಾಯಿಂಟ್ ವಾಪಸ್ ಕಳಿಸಿದ ಅಂಚೆ ಖರ್ಚು ಸೇರಿಸಿಲ್ಲ, ಅಕ್ಕಿಯೂ ಸೇರಿಲ್ಲ.

ಎರಡು ತಿಂಗಳು ದಿನಾ ಹೊಡೆದ ಮೇಲೆ ಬಿಳಿ ಬಲೆಯ ಮಧ್ಯದಲ್ಲಿ, ಎದೆ ಎತ್ತರದಲ್ಲಿ, ತಟ್ಟೆಯಗಲ ಜಾಗ ಬೂದು ಬಣ್ಣಕ್ಕೆ ತಿರುಗಿ ನೂಲು ಎದ್ದಿದೆ. ಕಾರಣ ವೆಜ್. ಅದರ ಮುಖದ ಗೀರುಗಳು ಬಾಲ್‌ನ ಸಿಪ್ಪೆಯನ್ನು ಕೆರೆದು ಒರಟು ಮಾಡುತ್ತವೆ, ಆ ಒರಟು ಬಾಲ್ ಬಲೆಗೆ ಮರಳು ಕಾಗದ ಉಜ್ಜಿದ ಹಾಗೆ. ಈಗ ಉಗುರಿಗೆ ತರಿ ಸಿಗುವ ಬಾಲ್‌ಗಳನ್ನೆಲ್ಲ ಬೇಸಿಗೆಯಲ್ಲಿ ಗಾಲ್ಫ್ ಮೈದಾನದ ಕೆರೆ ಹೊಂಡಗಳಿಗೆ ಅಂತ ಬೇರೆ ಇಟ್ಟಿದ್ದೇನೆ, ಒಳಗೆ ನುಣುಪಾದ್ದು ಮಾತ್ರ. ಬಲೆಯ ಮೇಲೂ ಕೆಳಗೂ ಒಂದೇ ತರಹ ಅಂಚು ಹೊಲಿಸಿದ್ದು ಉಪಯೋಗಕ್ಕೆ ಬಂತು. ಮೊನ್ನೆ ಭಾನುವಾರ ಬಿಚ್ಚಿ ತಲೆಕೆಳಗು ಮಾಡಿ ಹಾಕಿದೆ. 10 ಅಡಿ ಬಲೆಯಲ್ಲಿ ಸವೆದ ಜಾಗ ನೆಲದಿಂದ ನಾಲ್ಕು ಅಡಿಯಲ್ಲಿತ್ತು, ನೆಲದ ನೆರಿಗೆಯ ಒಂದೂವರೆ ಅಡಿ ಆ ಕಡೆಯಿಂದ ಈ ಕಡೆಗೆ ಬಂದ ಮೇಲೆ ಅದು ಸ್ವಲ್ಪ ಕೆಳಗೇ ಬಂದು ಕೂತಿದೆ, ನಾನು ಅಂದುಕೊಂಡಷ್ಟು ದೂರ ಹೋಗಲಿಲ್ಲ. ಮುಂದಿನ ಸಲ ಪಕ್ಕಕ್ಕೆ ಒಂದು ಅಡಿ ಸರಿಸಿ ಕಟ್ಟಬೇಕು, ಅದಕ್ಕೆ ಹನ್ನೊಂದು ಅಡಿ ಅಗಲದ ಬಲೆ ತಂದಿದ್ದರೆ ಚೆನ್ನಾಗಿತ್ತು.

ಅಕ್ಕಿ ಚೀಲ ಈಗ ಮನೆಯೊಳಗೆ, ಬಟ್ಟೆ ಒಗೆಯುವ ಮೆಷಿನ್ ಪಕ್ಕ.